ಗ್ರಾಮಸ್ಥರ ಒಮ್ಮತವೂ ನೀರಿನ ಆಯವ್ಯಯವೂ: ಹಿವರೆ ಬಾಜಾರ್ ಗ್ರಾಮದ ದೃಷ್ಟಾಂತ

ಒಂದು ಗ್ರಾಮದ ಏಳಿಗೆಯು ಅಲ್ಲಿಯ ಮಣ್ಣಿನ ಸಾರ, ಮಳೆಯ ಪ್ರಮಾಣ, ಪೇಟೆಯ ಸಾಮೀಪ್ಯ ಮತ್ತು ಸರ್ಕಾರದ ಸಹಾಯ ಎಂಬ ನಾಲ್ಕು ಅಂಶಗಳನ್ನು ಅವಲಂಬಿಸಿರುವುದೆಂದು ಸಾಮಾನ್ಯವಾಗಿ ಹೇಳುವುದುಂಟು. ಇವುಗಳ ಪ್ರಾಮುಖ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಒಂದೇ ಬಗೆಯ ಮಣ್ಣು, ಒಂದೇ ಮಳೆ, ಒಂದೇ ಪೇಟೆಯುಳ್ಳ ಎರಡು ನೆರೆಯೂರುಗಳಲ್ಲಿ ಒಂದು ಊರ್ಜಿತವಾಗಿ ಮತ್ತೊಂದು ಹಾಳು ಬೀಳುವುದನ್ನು ಹಳ್ಳಿಗಳ ಅನುಭವವುಳ್ಳವರೆಲ್ಲರೂ ಕಂಡೇ ಇರುವರು. ಇಂಥ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕುವಾಗ ಐದನೆಯದೊಂದು ಅಂಶವನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ಅದಾವುದೆಂದರೆ, ಊರಿನ ಮುಂದಿನ ಹತ್ತಿಪ್ಪತ್ತು ವರ್ಷಗಳು ಹೇಗಿರಬೇಕೆಂಬುದನ್ನು ಗ್ರಾಮಸ್ಥರೆಲ್ಲರೂ ಒಂದೆಡೆ ಕುಳಿತು ಯೋಚಿಸಿ, ಅದಕ್ಕಾಗಿ ಇಂದು ತಾವು ಏನನ್ನು ಬಿಡತಕ್ಕದ್ದೆಂಬುದನ್ನು ಒಪ್ಪಿಕೊಳ್ಳುವ ಶಕ್ತಿ.

ಏನು ಬೇಕೆಂಬ ಪಟ್ಟಿಯನ್ನು ತಯಾರಿಸುವುದು ಯಾವ ಊರಿಗೂ ಕಷ್ಟವಲ್ಲ. ರಸ್ತೆ, ಚರಂಡಿ, ಕೆರೆಯ ಹೂಳು, ಶಾಲೆಯ ಕೊಠಡಿ ಎಂದು ಸಭೆಯಲ್ಲಿ ಯಾರು ಬೇಕಾದರೂ ಹೇಳುವರು. ಏನನ್ನು ಬಿಡಬೇಕೆಂಬ ಪ್ರಶ್ನೆ ಬಂದೊಡನೆ ಸಭೆಯು ಮೌನವಾಗುವುದು. ಈ ಎರಡನೆಯ ಪ್ರಶ್ನೆಯನ್ನು ಕೇಳಿ, ಅದಕ್ಕೆ ಉತ್ತರವನ್ನೂ ಕಂಡುಕೊಂಡ ಗ್ರಾಮವೊಂದರ ವೃತ್ತಾಂತವು ಗ್ರಾಮದ ಮುಖ್ಯಸ್ಥರಿಗೂ ಭೂಮಾಲಿಕರಿಗೂ ಉಪಯುಕ್ತವಾಗಬಹುದು.

ಊರಿನ ಪೂರ್ವಸ್ಥಿತಿ

ಹಿವರೆ ಬಾಜಾರ್ ಎಂಬುದು ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಗೆ ಸೇರಿದ ಸಣ್ಣ ಗ್ರಾಮ. ಈ ಜಿಲ್ಲೆಗೆ ೨೦೨೪ರಲ್ಲಿ ಅಹಿಲ್ಯಾನಗರವೆಂದು ಹೆಸರಿಡಲಾಯಿತು. ಗ್ರಾಮದ ವಿಸ್ತೀರ್ಣವು ಸುಮಾರು ೯೭೭ ಹೆಕ್ಟೇರು, ಎಂದರೆ ೨,೪೦೦ ಎಕರೆಗಳಿಗೆ ಸ್ವಲ್ಪ ಹೆಚ್ಚು. ಜನಸಂಖ್ಯೆ ಸುಮಾರು ೧,೨೫೦. ಸಹ್ಯಾದ್ರಿಯ ಮಳೆ ನೆರಳಿನಲ್ಲಿರುವುದರಿಂದ ಇಲ್ಲಿ ವರ್ಷಕ್ಕೆ ಸರಾಸರಿ ೪೦೦ ಮಿಲಿಮೀಟರು, ಎಂದರೆ ಹದಿನಾರು ಅಂಗುಲಗಳಷ್ಟು ಮಾತ್ರ ಮಳೆಯಾಗುವುದು. ಸುತ್ತಲೂ ಗುಡ್ಡಗಳು. ಬಿದ್ದ ಮಳೆಯು ಇಳಿಜಾರಿನಲ್ಲಿ ಮಣ್ಣನ್ನೂ ಕೊಚ್ಚಿಕೊಂಡು ಹರಿದುಹೋಗುತ್ತಿತ್ತು.

೧೯೭೨ರ ಕ್ಷಾಮವು ಈ ಊರಿನ ಬೆನ್ನುಮೂಳೆಯನ್ನು ಮುರಿಯಿತು. ಬಾವಿಗಳು ಬತ್ತಿದುವು. ಸೌದೆಗಾಗಿಯೂ ಹೊಟ್ಟೆಪಾಡಿಗಾಗಿಯೂ ಗುಡ್ಡದ ಮರಗಳು ಕಡಿಯಲ್ಪಟ್ಟವು. ಉಳಿದ ಹುಲ್ಲನ್ನು ದನಕರುಗಳೂ ಮೇಕೆಗಳೂ ಬೇರುಸಹಿತ ಮೇಯ್ದುವು. ಗುಡ್ಡವು ಬೋಳಾದ ಮೇಲೆ ನೀರು ಇಂಗುವುದು ಇನ್ನಷ್ಟು ಕಡಿಮೆಯಾಯಿತು. ಬೇಸಾಯದಲ್ಲಿ ಬದುಕಿಲ್ಲವೆಂದು ಕಂಡವರು ಕೂಲಿಗಾಗಿ ಪುಣೆ, ಮುಂಬಯಿ ಮೊದಲಾದ ಪಟ್ಟಣಗಳಿಗೆ ಹೊರಟುಹೋದರು. ಉಳಿದವರಲ್ಲಿ ಕುಡಿತವೂ ಜಗಳಗಳೂ ಹೆಚ್ಚಿದುವು. ಈ ವರ್ಣನೆಯಲ್ಲಿ ಹೆಸರನ್ನು ಮರೆಮಾಡಿದರೆ, ಬಯಲುಸೀಮೆಯ ಎಷ್ಟೋ ಊರುಗಳು ತಮ್ಮ ಕಥೆಯನ್ನೇ ಕೇಳಿದಂತೆ ತಿಳಿಯುವುವು.

೧೯೮೯ರ ಬದಲಾವಣೆ

೧೯೮೯ರಲ್ಲಿ ಊರಿನ ಯುವಕರು ಮುಂದೆ ಬಂದು, ವಾಣಿಜ್ಯಶಾಸ್ತ್ರದಲ್ಲಿ ಉನ್ನತ ಪದವಿ ಪಡೆದಿದ್ದ ಪೋಪಟರಾವ್ ಪವಾರ್ ಎಂಬವರನ್ನು ಸರಪಂಚರನ್ನಾಗಿ ಆರಿಸಿದರು. ಆ ಬಳಿಕ ಊರಿನ ಮುಖ್ಯ ವಿಷಯಗಳೆಲ್ಲವೂ ಗ್ರಾಮಸಭೆಯ ಮುಂದೆ ಬರತೊಡಗಿದುವು. ಶಾಲೆಯನ್ನು ಸರಿಪಡಿಸುವುದು ಮೊದಮೊದಲು ಕೈಗೊಂಡ ಕೆಲಸಗಳಲ್ಲೊಂದು. ಮಕ್ಕಳ ವಿಷಯದಲ್ಲಿ ಎಲ್ಲ ಪಕ್ಷಗಳವರೂ ಏಕಾಭಿಪ್ರಾಯಕ್ಕೆ ಬರುವುದು ಸುಲಭವಾದುದರಿಂದ ಈ ಕ್ರಮವು ವಿವೇಕದ್ದಾಗಿತ್ತೆನ್ನಬಹುದು. ಒಂದು ಕೆಲಸದಲ್ಲಿ ಕೂಡಿ ದುಡಿದವರು ಮತ್ತೊಂದರಲ್ಲಿ ಕೂಡಿ ಕುಳಿತುಕೊಳ್ಳಲು ಹಿಂಜರಿಯುವುದಿಲ್ಲ.

ಮಹಾರಾಷ್ಟ್ರ ಸರ್ಕಾರವು ೧೯೯೨ರಲ್ಲಿ ಆದರ್ಶ ಗ್ರಾಮ ಯೋಜನೆಯನ್ನು ಆರಂಭಿಸಿತು. ೧೯೯೪ರಲ್ಲಿ ಹಿವರೆ ಬಾಜಾರ್ ಇದಕ್ಕೆ ಸೇರಿತು. ಯೋಜನೆಗೆ ಸೇರುವ ಊರು ಐದು ನಿಯಮಗಳನ್ನು ಒಪ್ಪಬೇಕಾಗಿತ್ತು: ಮರ ಕಡಿಯಕೂಡದು, ದನಕರುಗಳನ್ನು ಗುಡ್ಡದಲ್ಲಿ ಬಿಟ್ಟು ಮೇಯಿಸಕೂಡದು, ಮದ್ಯಪಾನವನ್ನು ಬಿಡಬೇಕು, ಸಂತಾನ ನಿಯಂತ್ರಣವನ್ನು ಪಾಲಿಸಬೇಕು, ಊರಿನ ಕೆಲಸಕ್ಕೆ ಶ್ರಮದಾನ ಮಾಡಬೇಕು. ಇವುಗಳಲ್ಲಿ ನಾಲ್ಕು ಬಿಡತಕ್ಕವು, ಒಂದು ಮಾತ್ರ ಮಾಡತಕ್ಕದ್ದು ಎಂಬುದನ್ನು ವಾಚಕರು ಗಮನಿಸಬೇಕು. ಇವಲ್ಲದೆ, ನೀರಾವರಿಗಾಗಿ ಕೊಳವೆ ಬಾವಿಗಳನ್ನು ತೆಗೆಯಕೂಡದೆಂದೂ, ಕಬ್ಬು, ಬಾಳೆ ಮೊದಲಾದ ಬಹಳ ನೀರು ಬೇಡುವ ಪೈರುಗಳನ್ನು ಬೆಳೆಯಕೂಡದೆಂದೂ, ಹೊರಗಿನವರಿಗೆ ಜಮೀನನ್ನು ಮಾರಕೂಡದೆಂದೂ ಗ್ರಾಮಸ್ಥರು ತಾವಾಗಿಯೇ ಕಟ್ಟುಮಾಡಿಕೊಂಡರು.

ಸರ್ಕಾರದ ಉದ್ಯೋಗ ಖಾತರಿಯ ಹಣವನ್ನೂ ಶ್ರಮದಾನವನ್ನೂ ಕೂಡಿಸಿ ನೆಲ ನೀರಿನ ಕೆಲಸಗಳು ನಡೆದುವು. ಗುಡ್ಡಗಳ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಕಂದಕಗಳನ್ನು ತೋಡಿದರು. ೫೨ ಮಣ್ಣಿನ ಒಡ್ಡುಗಳು, ೩೨ ಕಲ್ಲಿನ ಒಡ್ಡುಗಳು, ೯ ತಡೆ ಅಣೆಗಳು, ೨ ಜಿನುಗು ಕೆರೆಗಳು ನಿರ್ಮಿಸಲ್ಪಟ್ಟವು. ಬೋಳುಗುಡ್ಡದಲ್ಲಿ ಸಸಿಗಳನ್ನು ನೆಟ್ಟರು. ಗುಡ್ಡದ ಮೇಲಿನಿಂದ ಕೆಲಸವನ್ನು ಆರಂಭಿಸಿ ಕೆಳಕ್ಕೆ ಬಂದುದರಿಂದ, ಓಡುವ ನೀರು ನಡೆಯುವಂತಾಗಿ, ನಡೆಯುವ ನೀರು ನಿಲ್ಲುವಂತಾಗಿ, ನಿಂತ ನೀರು ಇಂಗುವಂತಾಯಿತು.

ಕಾಣುವ ಕೆರೆ, ಕಾಣದ ಕೆರೆ

ಇಷ್ಟು ಕೆಲಸವನ್ನು ಮಾಡಿದ ಊರುಗಳು ಇನ್ನೂ ಅನೇಕವಿವೆ. ಅವುಗಳಲ್ಲಿ ಹಲವು ಕಡೆ ಒಡ್ಡು ಕಟ್ಟಿದ ಎರಡು ಮೂರು ವರ್ಷ ಬಾವಿಗಳಲ್ಲಿ ನೀರು ಏರಿ, ಆ ನೀರನ್ನು ಕಂಡು ಹೊಸ ಕೊಳವೆ ಬಾವಿಗಳು ಹುಟ್ಟಿ, ಕಬ್ಬಿನ ಗದ್ದೆಗಳು ಹರಡಿ, ಐದಾರು ವರ್ಷಗಳಲ್ಲಿ ಊರು ಹಿಂದಿನ ಸ್ಥಿತಿಗೇ ಮರಳುವುದುಂಟು. ಎಲ್ಲರ ದುಡಿಮೆಯಿಂದ ಇಂಗಿದ ನೀರನ್ನು ಆಳವಾಗಿ ಕೊರೆಯಬಲ್ಲ ಕೆಲವರು ಮೇಲೆತ್ತಿಕೊಳ್ಳುವರು. ಹಿವರೆ ಬಾಜಾರ್ ಗ್ರಾಮದ ವಿಶೇಷವು ಒಡ್ಡುಗಳಲ್ಲಿಲ್ಲ. ಒಡ್ಡು ಕಟ್ಟಿದ ಮೇಲೆ ಅದು ಇಟ್ಟುಕೊಂಡ ಲೆಕ್ಕದಲ್ಲಿದೆ.

ಕರ್ನಾಟಕದ ಹಳ್ಳಿಗಳವರಿಗೆ ಇದರ ಮರ್ಮವು ಬೇಗನೆ ತಿಳಿಯುವುದು. ಕೆರೆಯ ಕೆಳಗಿನ ಊರುಗಳಲ್ಲಿ ನೀರಿನ ಮಟ್ಟವು ಏರಿಯ ಮೇಲೆ ನಿಂತವರೆಲ್ಲರಿಗೂ ಕಾಣುತ್ತಿತ್ತು. ತೂಬನ್ನು ತೆಗೆಯುವ, ಮುಚ್ಚುವ ಕೆಲಸವು ನೀರಗಂಟಿಯದಾಗಿತ್ತು. ನೀರು ಸಾಲದ ವರ್ಷದಲ್ಲಿ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನೀರು ಬಿಡಬೇಕೆಂಬುದನ್ನು ಹಿರಿಯರು ಕೂಡಿ ಗೊತ್ತುಮಾಡುವ ವಾಡಿಕೆಯು ಹಲವೆಡೆ ಇದ್ದಿತು. ಮೈಸೂರು ಸಂಸ್ಥಾನದಲ್ಲಿ ೧೯೧೧ರಲ್ಲಿಯೇ ಕೆರೆಗಳ ಪಾಲನೆಯಲ್ಲಿ ರೈತರು ಹೊಣೆ ಹೊರುವಂತೆ ಟ್ಯಾಂಕ್ ಪಂಚಾಯಿತಿ ರೆಗ್ಯುಲೇಷನ್ ಜಾರಿಗೆ ಬಂದಿತ್ತು.

ನೆಲದೊಳಗಿನ ನೀರೂ ಒಂದು ಕೆರೆಯೇ ಸರಿ. ಆದರೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೆ ಏರಿಯಿಲ್ಲ, ನೀರಗಂಟಿಯಿಲ್ಲ. ಪ್ರತಿಯೊಬ್ಬ ಜಮೀನುದಾರನ ಕೊಳವೆ ಬಾವಿಯೂ ಅದಕ್ಕೊಂದು ತೂಬು. ತನ್ನ ಜಮೀನಿನ ಕೆಳಗಿನ ನೀರನ್ನು ಎತ್ತಿಕೊಳ್ಳುವ ಹಕ್ಕನ್ನು ೧೮೮೨ನೆಯ ಇಸವಿಯ ಈಸ್‌ಮೆಂಟ್ ಶಾಸನವು ಮಾಲಿಕನಿಗೆ ಒಪ್ಪಿಸಿದೆ. ಕಾಣುವ ಕೆರೆಯ ತೂಬನ್ನು ರಾತ್ರಿಯಲ್ಲಿ ಕದ್ದು ತೆಗೆದವನನ್ನು ಊರು ದಂಡಿಸುತ್ತಿತ್ತು. ಕಾಣದ ಕೆರೆಯ ತೂಬನ್ನು ಹಗಲಿನಲ್ಲಿಯೇ ತೆಗೆದವನು ಸಾಹಸಿಯಾದ ರೈತನೆನ್ನಿಸಿಕೊಳ್ಳುವನು. ಕೋಲಾರ, ಚಿಕ್ಕಬಳ್ಳಾಪುರದ ಸೀಮೆಗಳಲ್ಲಿ ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳು ಹೀಗೆ ಹುಟ್ಟಿದವೇ.

ಕಾಣದ ಕೆರೆಯನ್ನು ಕಾಣುವಂತೆ ಮಾಡಲು ಹಿವರೆ ಬಾಜಾರ್ ಗ್ರಾಮಸ್ಥರು ನೀರಿನ ಆಯವ್ಯಯ ಪಟ್ಟಿಯನ್ನು ಆಶ್ರಯಿಸಿದರು. ಜಿಲ್ಲೆಯ ಅಂತರ್ಜಲ ಇಲಾಖೆಯ ನೆರವಿನಿಂದ ಪ್ರತಿ ವರ್ಷವೂ ಮಳೆಯನ್ನು ಅಳೆದು, ಗೊತ್ತಾದ ಕೆಲವು ಬಾವಿಗಳಲ್ಲಿ ನೀರಿನ ಮಟ್ಟವನ್ನು ನೋಡಿ, ಮಳೆಗಾಲ ಕಳೆದ ಮೇಲೆ ಆ ವರ್ಷದ ಲೆಕ್ಕವನ್ನು ಗ್ರಾಮಸಭೆಯ ಮುಂದಿಡುವ ಪದ್ಧತಿ ಏರ್ಪಟ್ಟಿತು. ಮೊದಲ ಪಾಲು ಜನರ ಮತ್ತು ದನಕರುಗಳ ಬಳಕೆಗೆ. ಉಳಿದುದರಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬೇಸಾಯಕ್ಕೆ, ಮೂವತ್ತು ಪಾಲು ಮುಂದಿನ ವರ್ಷಗಳಿಗಾಗಿ ನೆಲದಲ್ಲಿಯೇ ಉಳಿತಾಯಕ್ಕೆ. ಬೇಸಾಯದ ಪಾಲು ಎಷ್ಟೆಂಬುದರ ಮೇಲೆ ಮುಂದಿನ ಬೆಳೆಯು ಯಾವುದು, ಎಷ್ಟು ಎಂಬುದು ಗೊತ್ತಾಗುವುದು.

ಲೆಕ್ಕವು ತಿಳಿಸುವುದೇನು?

ಈ ಲೆಕ್ಕದ ಬಲವು ಎಂಥದೆಂಬುದನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ಇಲ್ಲಿ ಮುಂದೆ ಬರುವ ಅಂಕಿಗಳು ಆ ಗ್ರಾಮದ ದಾಖಲೆಯವಲ್ಲ. ಅಷ್ಟೇ ವಿಸ್ತೀರ್ಣ, ಅಷ್ಟೇ ಜನ, ಅಷ್ಟೇ ಮಳೆಯುಳ್ಳ ಯಾವ ಊರಿಗಾದರೂ ಅನ್ವಯಿಸುವ ಸ್ಥೂಲವಾದ ಲೆಕ್ಕ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಸುಮಾರು ೪,೦೦೦ ಲೀಟರು ನೀರಾಗುವುದು. ೯೭೭ ಹೆಕ್ಟೇರುಗಳ ಮೇಲೆ ೪೦೦ ಮಿಲಿಮೀಟರು ಬಿದ್ದರೆ ಸುಮಾರು ೩೯೦ ಕೋಟಿ ಲೀಟರು. ತಲೆಗೆ ದಿನಕ್ಕೆ ೫೫ ಲೀಟರಿನಂತೆ ೧,೨೫೦ ಜನರಿಗೆ ವರ್ಷಕ್ಕೆ ಬೇಕಾದುದು ಸುಮಾರು ಎರಡೂವರೆ ಕೋಟಿ ಲೀಟರು. ಮಳೆಯ ನೂರರಲ್ಲಿ ಒಂದು ಪಾಲೂ ಇದಕ್ಕೆ ಬೇಡ. ಇಷ್ಟಿದ್ದೂ ಬೇಸಗೆಯಲ್ಲಿ ಊರಿಗೆ ಟ್ಯಾಂಕರಿನಲ್ಲಿ ನೀರು ತರಿಸಬೇಕಾದರೆ, ಆ ದೋಷವನ್ನು ಮಳೆಯ ತಲೆಗೆ ಕಟ್ಟುವುದು ನ್ಯಾಯವಾಗದು.

ಗಟ್ಟಿ ಕಲ್ಲಿನ ನೆಲದಲ್ಲಿ ಬಿದ್ದ ಮಳೆಯ ಸುಮಾರು ಹತ್ತನೆಯ ಒಂದು ಪಾಲು ತಾನಾಗಿ ಇಂಗುವುದೆಂದಿಟ್ಟುಕೊಂಡರೆ, ಕಾಣದ ಕೆರೆಗೆ ಬರುವ ವರಮಾನವು ೩೯ ಕೋಟಿ ಲೀಟರು. ಜನರಿಗೂ ದನಕರುಗಳಿಗೂ ಸೇರಿ ನಾಲ್ಕು ಕೋಟಿಯನ್ನು ತೆಗೆದಿರಿಸಿ, ಉಳಿದ ೩೫ ಕೋಟಿಯಲ್ಲಿ ನೂರಕ್ಕೆ ಎಪ್ಪತ್ತರಂತೆ ಬೇಸಾಯಕ್ಕೆ ಕೊಟ್ಟರೆ ಸುಮಾರು ೨೪½ ಕೋಟಿ ಲೀಟರು ದೊರೆಯುವುದು. ಕಬ್ಬಿಗೆ ೧,೫೦೦ರಿಂದ ೨,೫೦೦ ಮಿಲಿಮೀಟರಿನಷ್ಟು ನೀರು ಬೇಕು. ೨,೦೦೦ ಎಂದಿಟ್ಟುಕೊಂಡು, ಮಳೆಯಿಂದ ಬರುವ ೪೦೦ನ್ನು ಕಳೆದರೂ ಎಕರೆಗೆ ಸುಮಾರು ೬೫ ಲಕ್ಷ ಲೀಟರನ್ನು ಬಾವಿಯಿಂದ ಎತ್ತಬೇಕಾಗುವುದು. ಎಂದರೆ ಊರಿನ ಬೇಸಾಯದ ನೀರೆಲ್ಲವೂ ೩೮ ಎಕರೆ ಕಬ್ಬಿಗೆ ತೀರಿಹೋಗುವುದು. ಕೇವಲ ನಾಲ್ಕು ಎಕರೆ ಕಬ್ಬು ಊರಿನ ಜನರೆಲ್ಲರ ವರ್ಷದ ಮನೆಬಳಕೆಯ ನೀರನ್ನು ಕುಡಿಯುವುದು. ಅದೇ ನೀರನ್ನು ಹಿಂಗಾರಿ ಜೋಳಕ್ಕೆ ಎರಡು ಮೂರು ಸಲ ತೆಳುವಾಗಿ, ಒಟ್ಟು ೧೫೦ ಮಿಲಿಮೀಟರಿನಷ್ಟು ಹಾಯಿಸಿದರೆ ಎಕರೆಗೆ ಆರು ಲಕ್ಷ ಲೀಟರಿನಂತೆ ೪೦೦ ಎಕರೆಗಳಿಗೆ ಸಾಕಾಗುವುದು.

ನಾಲ್ಕೈದು ಮನೆಗಳ ನಲವತ್ತು ಎಕರೆಯೋ, ಊರಿನ ನಾನೂರು ಎಕರೆಯೋ ಎಂಬ ಪ್ರಶ್ನೆಯು ಹೀಗೆ ಅಂಕಿಗಳ ರೂಪದಲ್ಲಿ ಸಭೆಯ ಮುಂದೆ ನಿಂತಾಗ ಅದಕ್ಕೆ ಉತ್ತರಿಸದೆ ಎದ್ದುಹೋಗುವುದು ಯಾರಿಗೂ ಸುಲಭವಲ್ಲ. ಒಬ್ಬರು ಇನ್ನೊಬ್ಬರನ್ನು ಸ್ವಾರ್ಥಿಯೆಂದು ನಿಂದಿಸುವ ಅಗತ್ಯವೂ ಬೀಳುವುದಿಲ್ಲ, ಲೆಕ್ಕವೇ ಮಾತನಾಡುವುದು. ಒಡ್ಡುಗಳಿಂದಲೂ ಕಂದಕಗಳಿಂದಲೂ ಇಂಗುವ ಪಾಲನ್ನು ಹೆಚ್ಚಿಸಬಹುದೆಂಬುದು ನಿಜ. ಆದರೆ ವರಮಾನವು ಎರಡರಷ್ಟಾದರೂ ವೆಚ್ಚಕ್ಕೆ ಮಿತಿಯಿಲ್ಲದ ಮನೆಯು ಉಳಿಯುವುದಿಲ್ಲ.

ಕಂಡುಬಂದ ಫಲಗಳು

ಬಿಟ್ಟುದಕ್ಕೆ ಪ್ರತಿಫಲವು ನಿಧಾನವಾಗಿಯಾದರೂ ಬಂದಿತು. ಗುಡ್ಡದಲ್ಲಿ ದನಕರುಗಳನ್ನು ಬಿಡುವುದು ನಿಂತು, ಹುಲ್ಲನ್ನು ಕೊಯ್ದು ತಂದು ಹಾಕುವ ಪದ್ಧತಿ ಬಂದುದರಿಂದ, ೨೦೦೦ದಲ್ಲಿ ಸುಮಾರು ೧೦೦ ಟನ್ನಿನಷ್ಟಿದ್ದ ಹುಲ್ಲಿನ ಉತ್ಪತ್ತಿಯು ೨೦೦೪ರ ವೇಳೆಗೆ ೬,೦೦೦ ಟನ್ನಿಗೆ ಏರಿತೆಂದು ವರದಿಯಾಗಿದೆ. ೧೯೯೦ರ ದಶಕದ ಮಧ್ಯದಲ್ಲಿ ದಿನಕ್ಕೆ ಸುಮಾರು ೧೫೦ ಲೀಟರಿದ್ದ ಹಾಲು ಮುಂದೆ ೩,೦೦೦ ಲೀಟರನ್ನು ಮೀರಿತು. ಸಜ್ಜೆ ಜೋಳಗಳ ಜೊತೆಗೆ ಈರುಳ್ಳಿ, ತರಕಾರಿಗಳೂ ಬೆಳೆಯತೊಡಗಿದುವು. ೧೯೯೫ರಲ್ಲಿ ೧೬೮ ಕುಟುಂಬಗಳು ಬಡತನದ ರೇಖೆಯ ಕೆಳಗಿದ್ದುವು. ೨೦೧೦ರ ವೇಳೆಗೆ ಮೂರು ಮಾತ್ರ ಉಳಿದಿದ್ದುವು. ಪಟ್ಟಣಕ್ಕೆ ಹೋಗಿದ್ದ ಹಲವು ಕುಟುಂಬಗಳು ಮರಳಿ ಬಂದು ತಮ್ಮ ಹೊಲಗಳನ್ನು ಉಳತೊಡಗಿದುವು. ಪೋಪಟರಾವ್ ಪವಾರರಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಆಕ್ಷೇಪಣೆಗಳು

ಇದಕ್ಕೆ ಕೆಲವು ಆಕ್ಷೇಪಣೆಗಳುಂಟು. ಅವುಗಳನ್ನು ಮರೆಮಾಚುವುದು ಯುಕ್ತವಲ್ಲ. ಮೊದಲನೆಯದಾಗಿ, ಇದು ಸಣ್ಣ ಊರು. ದಕ್ಷರೊಬ್ಬರು ದೀರ್ಘಕಾಲ ಮುಂದಾಳಾಗಿ ದೊರೆತರು. ಸರ್ಕಾರದ ಹಣವೂ ಬಂದಿತು. ದೊಡ್ಡ ಊರಿನಲ್ಲಿ ಇದು ಸಾಧ್ಯವೇ ಎಂದು ಕೇಳಬಹುದು. ಊರು ದೊಡ್ಡದಾದಲ್ಲಿ ಲೆಕ್ಕವನ್ನು ಒಂದೊಂದು ಹಳ್ಳದ ಪಾತ್ರಕ್ಕೆ ಪ್ರತ್ಯೇಕವಾಗಿ ಮಾಡಬಹುದು. ಆದರೆ ಒಳ್ಳೆಯ ಮುಖ್ಯಸ್ಥನಿಲ್ಲದ ಕೊರತೆಯನ್ನು ಯಾವ ಯೋಜನೆಯೂ ತುಂಬಲಾರದೆಂಬುದನ್ನು ಒಪ್ಪಲೇಬೇಕು.

ಎರಡನೆಯ ಆಕ್ಷೇಪಣೆಯು ಇನ್ನೂ ಗಂಭೀರವಾದುದು. ಕಟ್ಟುಪಾಡುಗಳ ಭಾರವು ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ಗುಡ್ಡದಲ್ಲಿ ಮೇಯಿಸಬಾರದೆಂದರೆ ಮೊದಲು ಕಷ್ಟಕ್ಕೆ ಸಿಕ್ಕುವವನು ನಾಲ್ಕು ಮೇಕೆಗಳನ್ನು ಸಾಕಿಕೊಂಡಿರುವ ಜಮೀನಿಲ್ಲದ ಬಡವನು. ಬಾವಿಯಲ್ಲಿ ನೀರು ಏರಿದರೆ ಮೊದಲು ಲಾಭ ಪಡೆಯುವವನು ಬಾವಿಯುಳ್ಳವನು. ಬಡವನು ಮೇಕೆಯನ್ನು ಬಿಡಬೇಕು, ಭೂಮಾಲಿಕನು ಕೊಳವೆ ಬಾವಿಯನ್ನು ಬಿಡಬೇಕಾಗಿಲ್ಲ ಎಂದಾದರೆ ಅದನ್ನು ಒಮ್ಮತವೆನ್ನಲಾಗದು. ಬೇಲಿಯೇ ಎದ್ದು ಹೊಲ ಮೇಯ್ದಂತಾಗುವುದು. ಹಿವರೆ ಬಾಜಾರ್ ಗ್ರಾಮದಲ್ಲಿ ಕೊಳವೆ ಬಾವಿಯ ಮತ್ತು ಕಬ್ಬಿನ ನಿಷೇಧಗಳು ಹಣವುಳ್ಳವರನ್ನೇ ಕಟ್ಟಿಹಾಕಿದುವು. ಊರಿನ ಮಾತಿಗೆ ಬೆಲೆ ಬಂದುದಕ್ಕೆ ಇದು ಮುಖ್ಯ ಕಾರಣವೆಂದು ಹೇಳಬಹುದು.

ಕರ್ನಾಟಕದ ಗ್ರಾಮಗಳಲ್ಲಿ ಮಾಡತಕ್ಕದ್ದು

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ಕಾನೂನಿನ ಆಧಾರವು ಇಲ್ಲದಿಲ್ಲ. ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ವಾರ್ಡ್ ಸಭೆ, ಗ್ರಾಮಸಭೆಗಳು ನಡೆಯಬೇಕಾಗಿವೆ. ಅಂತರ್ಜಲದ ನಿಯಂತ್ರಣಕ್ಕಾಗಿ ೨೦೧೧ರ ಅಧಿನಿಯಮವಿದೆ. ೨೦೧೯ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಗೆ ಕರ್ನಾಟಕವೂ ಸೇರಿ ಏಳು ರಾಜ್ಯಗಳನ್ನು ಆರಿಸಲಾಯಿತು. ಗ್ರಾಮಸ್ಥರೇ ಕೂಡಿ ನೀರಿನ ಆಯವ್ಯಯವನ್ನು ತಯಾರಿಸುವುದು ಅದರ ಒಂದು ಮುಖ್ಯ ಅಂಗ. ಆದರೆ ಕಾಗದದ ಮೇಲಿನ ಪಟ್ಟಿಯು ಕಚೇರಿಯ ಬೀರುವನ್ನು ಸೇರಿದರೆ ಫಲವಿಲ್ಲ. ಆಸಕ್ತಿಯುಳ್ಳ ಮುಖ್ಯಸ್ಥರು ಕೆಳಕಂಡ ಕ್ರಮವನ್ನು ಅನುಸರಿಸಬಹುದು.

೧. ಗ್ರಾಮದಲ್ಲಿ ಒಂದು ಮಳೆಮಾಪಕವನ್ನಿರಿಸಿ, ಮಳೆ ಬಂದ ದಿನದ ಅಂಕಿಯನ್ನು ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆಯಿಸತಕ್ಕದ್ದು. ಈ ಕೆಲಸವನ್ನು ಶಾಲೆಯ ಮಕ್ಕಳಿಗೆ ಒಪ್ಪಿಸಿದರೆ ತಪ್ಪದೆ ನಡೆಯುವುದು.

೨. ಗ್ರಾಮದ ಬಾವಿ, ಕೊಳವೆ ಬಾವಿಗಳನ್ನೆಲ್ಲ ಎಣಿಸಿ ಪಟ್ಟಿ ಮಾಡತಕ್ಕದ್ದು. ಅವುಗಳಲ್ಲಿ ಐದಾರನ್ನು ಆರಿಸಿ, ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಗೆಯ ಕೊನೆಯಲ್ಲೊಮ್ಮೆ ನೀರಿನ ಮಟ್ಟವನ್ನು ಅಳೆದು ಗುರುತಿಡತಕ್ಕದ್ದು.

೩. ಹಿಂಗಾರಿ ಬಿತ್ತನೆಗೆ ಮುಂಚೆ ಸಭೆಯನ್ನು ಕರೆದು ಲೆಕ್ಕವನ್ನು ಗಟ್ಟಿಯಾಗಿ ಓದತಕ್ಕದ್ದು. ನೀರು ಹೊರುವವರು ಹೆಂಗಸರಾದುದರಿಂದ ಅವರಿಲ್ಲದ ಸಭೆಯಲ್ಲಿ ಈ ಲೆಕ್ಕವನ್ನು ತೀರ್ಮಾನಿಸಕೂಡದು.

೪. ಮೊದಲ ವರ್ಷದಲ್ಲಿ ಯಾವ ನಿಷೇಧವನ್ನೂ ಹೇರದೆ ಲೆಕ್ಕವನ್ನು ಮಾತ್ರ ತಿಳಿಸುವುದು ಒಳ್ಳೆಯದು. ಎರಡನೆಯ ವರ್ಷ ಅದೇ ಗೋಡೆಯ ಮೇಲೆ ಎರಡು ವರ್ಷಗಳ ಮಟ್ಟಗಳು ಅಕ್ಕಪಕ್ಕದಲ್ಲಿ ಕಂಡಾಗ ಮಾತು ತಾನಾಗಿ ಆರಂಭವಾಗುವುದು.

೫. ಕಟ್ಟುಪಾಡನ್ನು ಮಾಡುವಾಗ ಹೆಚ್ಚು ಜಮೀನು, ಹೆಚ್ಚು ಬಾವಿಗಳುಳ್ಳವರಿಂದ ಆರಂಭಿಸತಕ್ಕದ್ದು. ಗೋಮಾಳವನ್ನು ಮುಚ್ಚುವುದಾದರೆ, ಅಲ್ಲಿ ಬೆಳೆಯುವ ಹುಲ್ಲನ್ನು ಕೊಯ್ಯುವುದರಲ್ಲಿ ಜಮೀನಿಲ್ಲದವರಿಗೆ ಮೊದಲ ಪಾಲನ್ನು ಗೊತ್ತುಮಾಡತಕ್ಕದ್ದು.

ಐದನೆಯ ಅಂಶವನ್ನು ಬಿಟ್ಟು ಉಳಿದ ನಾಲ್ಕನ್ನು ಎಷ್ಟು ಚೆನ್ನಾಗಿ ನಡೆಸಿದರೂ ಹೆಚ್ಚಿನ ಪ್ರಯೋಜನವಾಗದು. ಊರಿನ ದೊಡ್ಡ ಹಿಡುವಳಿದಾರನು ಸಭೆಯಲ್ಲಿ ಎದ್ದು ನಿಂತು, ಈ ವರ್ಷ ತಾನು ಹೊಸ ಬಾವಿಯನ್ನು ಕೊರೆಯಿಸುವುದಿಲ್ಲವೆಂದು ಹೇಳಿದ ದಿನವೇ ಆ ಊರಿನ ಯೋಜನೆಯು ಆರಂಭವಾಯಿತೆಂದು ತಿಳಿಯಬೇಕು. ಆ ಮಾತಿಗೆ ಸರ್ಕಾರದ ಮಂಜೂರಾತಿಯೂ ಬೇಡ, ಹಣವೂ ಬೇಡ. ತಂದೆಯು ಮಗನಿಗೆ ಹತ್ತು ಎಕರೆ ಜಮೀನನ್ನು ಬಿಟ್ಟುಹೋಗಬಹುದು. ಅದರ ಕೆಳಗಿನ ನೀರನ್ನು ಮಾತ್ರ ಅವನೊಬ್ಬನೇ ಬಿಟ್ಟುಹೋಗಲಾರನು. ಅದನ್ನು ಊರು ಕೂಡಿ ಉಳಿಸಿದರೆ ಮಾತ್ರ ಮಗನ ಪಾಲಿಗೆ ಬರುವುದು. ಬರುವ ಹಿಂಗಾರಿಗೆ ಮುಂಚೆ ತಮ್ಮ ತಮ್ಮ ಗ್ರಾಮಗಳಲ್ಲಿ ಇಂಥದೊಂದು ಸಭೆಯನ್ನು ಕರೆಯುವ ವಿಷಯವನ್ನು ಮುಖ್ಯಸ್ಥರೂ ಭೂಮಾಲಿಕರೂ ಆಲೋಚಿಸುವುದು ಉಚಿತವಾಗಿದೆ.